ಬೇಕಾಗಿದ್ದು ಆಗ್ಲಿಲ್ಲ, ಬಾಯಿಗೆ ಬಂದಿದ್ದೆಲ್ಲ ಆಯ್ತು: ಬಫಿಯ 'ಸಮ್‌ಥಿಂಗ್ ಬ್ಲೂ'

ರಕ್ತ ಹೀರೋ ವ್ಯಾಂಪೈರ್‌ಗಳನ್ನ ಬೇಟೆಯಾಡೋ ಹುಡುಗಿ ಬಫಿ ಕಥೆ ಇರೋ ಅಮೆರಿಕದ ಟಿವಿ ಸೀರೀಸ್ 'ಬಫಿ ದ ವ್ಯಾಂಪೈರ್ ಸ್ಲೇಯರ್'ನಲ್ಲಿ ಯಾವ ಎಪಿಸೋಡ್ ತುಂಬಾ ನಗಿಸತ್ತೆ ಅಂತ ಯಾರಾದ್ರೂ ಕೇಳಿದ್ರೆ ನಾನು ಯೋಚ್ನೆ ಮಾಡದೆ ಇದನ್ನೇ ಹೇಳೋದು. 4ನೇ ಸೀಸನ್, 9ನೇ ಎಪಿಸೋಡ್, 1999ರ ನವೆಂಬರಲ್ಲಿ ಬಂದಿದ್ದು, ಬರೆದಿರೋದು ಟ್ರೇಸಿ ಫೋರ್ಬ್ಸ್.

ಬಫಿಯ ಫ್ರೆಂಡ್ ವಿಲೋನ ಬಿಟ್ಟು ಅವ್ಳ ಬಾಯ್‌ಫ್ರೆಂಡ್ ಆಜ್ ಹೋಗಿರ್ತಾನೆ, ಅವ್ಳಿಗೆ ಆ ಸಂಕಟ ತಡ್ಕೊಳ್ಳೋಕೆ ಆಗ್ತಿಲ್ಲ, ಅದಕ್ಕೆ ತಾನು ಅಂದಿದ್ದೆಲ್ಲ ಆಗ್ಲಿ ಅಂತ ಒಂದು ಮಂತ್ರ ಹಾಕ್ತಾಳೆ. ಮನಸ್ಸು ಸರಿಹೋಗ್ಲಿ ಅಂತ ಕೇಳ್ಕೊಂಡಿದ್ದು ಮಾತ್ರ ಆಗಲ್ಲ, ಆದ್ರೆ ಫ್ರೆಂಡ್ಸ್ ಮೇಲೆ ಸಿಟ್ಟಲ್ಲಿ ಆಡಿದ ಮಾತೆಲ್ಲ ನಿಜ ಆಗ್ತಾ ಹೋಗತ್ತೆ. ನಮ್ಮನೇಲಿ ದೊಡ್ಡೋರು ಹೇಳ್ತಾರಲ್ಲ, ಕೆಟ್ಟದ್ದು ಮಾತಾಡ್ಬೇಡ ಅಸ್ತು ದೇವತೆಗಳು ಓಡಾಡ್ತಿರ್ತಾರೆ ಅಂತ, ಥೇಟ್ ಹಾಗೇ. ಬಫಿಯ ಗುರು ಗೈಲ್ಸ್‌ಗೆ ಕಣ್ಣು ಹೋಗತ್ತೆ, ಫ್ರೆಂಡ್ ಜಾಂಡರ್ ಹಿಂದೆ ರಾಕ್ಷಸರು ಬೀಳ್ತಾರೆ, ಬಫಿ ತನ್ನ ಪರಮ ಶತ್ರು, ವ್ಯಾಂಪೈರ್ ಸ್ಪೈಕ್‌ನೇ ಮದ್ವೆ ಆಗ್ಲಿ ಅಂತ ವಿಲೋ ಅಂದಿದ್ದಕ್ಕೆ ಅವ್ನು ಮಂಡಿಯೂರಿ ಪ್ರಪೋಸ್ ಮಾಡ್ಬಿಡ್ತಾನೆ!

ಬಫಿ ಆಗಿ ಸಾರಾ ಮಿಷೆಲ್ ಗೆಲ್ಲರ್, ಸ್ಪೈಕ್ ಆಗಿ ಜೇಮ್ಸ್ ಮಾರ್ಸ್ಟರ್ಸ್ ಇಬ್ರೂ ಇಲ್ಲಿ ಅದ್ಭುತ. ಒಂದು ಕ್ಷಣ ಮುದ್ದು, ಮರುಕ್ಷಣ ಮದ್ವೆ ವಿಷ್ಯಕ್ಕೆ ಜಗಳ, ಮತ್ತೆ ಮುದ್ದು, ಎಲ್ಲೂ ಓವರ್ ಆಕ್ಟಿಂಗ್ ಅನ್ಸಲ್ಲ ಯಾಕಂದ್ರೆ ಆ ಪಾತ್ರಗಳಿಗೆ ಅದೆಲ್ಲ ನೂರಕ್ಕೆ ನೂರು ನಿಜ. ನಂಗೆ ತುಂಬಾ ಇಷ್ಟ ಆಗಿದ್ದು ಬಫಿ ತನ್ನನ್ನ ಧಾರೆ ಎರೆದು ಕೊಡೋಕೆ ನೀವೇ ಬೇಕು ಅಂತ ಗೈಲ್ಸ್‌ನ ಕೇಳೋ ಜಾಗ, ಕಣ್ಣು ಕಾಣದೆ ಒದ್ದಾಡ್ತಿರೋ ಮನುಷ್ಯ ಒಂದು ಕ್ಷಣ ನಿಜವಾಗ್ಲೂ ಕರಗೋಗ್ತಾನೆ, ಆಮೇಲೆ ಇದೆಂಥಾ ಹುಚ್ಚು ಅಂತ ರೇಗ್ತಾನೆ. ಗೈಲ್ಸ್ ಪಾತ್ರಾನ ಆಂಟನಿ ಹೆಡ್ ಮಾಡಿರೋ ರೀತಿ ನೋಡಿ ನಗ್ತಾ ನಗ್ತಾನೇ ಗಂಟಲು ಕಟ್ಟತ್ತೆ.

ಇಷ್ಟೆಲ್ಲ ಕಾಮಿಡಿ ನಿಂತಿರೋದು ವಿಲೋ ಪಾತ್ರ ಮಾಡಿರೋ ಅಲಿಸನ್ ಹ್ಯಾನಿಗನ್ ಅಳು ಮೇಲೆ. ವಿಲೋ ದುಃಖವನ್ನ ಎಲ್ಲೂ ತಮಾಷೆ ಮಾಡಿಲ್ಲ, ಫ್ರೆಂಡ್ಸ್‌ಗೆ ಅವ್ಳ ಮಾತು ಪೂರ್ತಿ ಕೇಳೋ ಪುರುಸೊತ್ತಿಲ್ಲ ಅನ್ನೋದೂ ಸರಿಯಾಗಿ ಕಾಣ್ಸತ್ತೆ. ಅದಕ್ಕೇ ಕೊನೇಲಿ ವಿಲೋ ಕುಕ್ಕೀಸ್ ಮಾಡಿ ಕೊಟ್ಟು ಎಲ್ಲಾ ಸರಿಹೋಯ್ತು ಅನ್ನೋದು ನಂಗೆ ಸ್ವಲ್ಪ ಅವಸರ ಅನ್ಸ್ತು. ಹಾಗಂತ ಬರೆದೋರು ಇದನ್ನ ಅಲ್ಲಿಗೇ ಬಿಟ್ಟಿಲ್ಲ, ನೋವು ತಪ್ಪಿಸ್ಕೊಳ್ಳೋಕೆ ಮಂತ್ರ ಹಿಡಿಯೋ ಇವ್ಳ ಚಾಳಿ 6ನೇ ಸೀಸನಲ್ಲಿ ಎಷ್ಟು ದೊಡ್ಡದಾಗತ್ತೆ ಅಂತ ನೋಡಿದೋರಿಗೆ ಗೊತ್ತು.

ಇದನ್ನ ಒಂದೇ ನೋಡ್ತೀನಿ ಅನ್ನೋರು ದಯವಿಟ್ಟು ಮೊದ್ಲು ಇದೇ ಸೀಸನ್ನಿನ 6ನೇ ಎಪಿಸೋಡ್ 'ವೈಲ್ಡ್ ಅಟ್ ಹಾರ್ಟ್' ನೋಡಿ, ಆಜ್ ಯಾಕೆ ಹೋದ ಅಂತ ಅದ್ರಲ್ಲಿದೆ.