ಸಿಂಪಿ ಮರಿಗಳಿಗೆ ಯುವಿ ದೀಪವೋ, ಪ್ರೋಬಯಾಟಿಕ್ಕೋ?

ಸಿಂಪಿ ಮರಿ ಮಾಡಿಸುವ ಹ್ಯಾಚರಿಗೆ ವಿಬ್ರಿಯೊ ಎಂಬ ರೋಗದ ಬ್ಯಾಕ್ಟೀರಿಯಾ ಹೊಕ್ಕರೆ ಒಂದೆರಡು ದಿನದಲ್ಲೇ ತೊಟ್ಟಿಯ ಲಾರ್ವಾಗಳೆಲ್ಲ (ಎಳೆ ಮರಿಗಳು) ಸಾಯಬಹುದು. ಹೊಟ್ಟೆ ಉರಿಯುತ್ತದೆ.

ಯುವಿ (ನೇರಳಾತೀತ) ದೀಪ ಒಳಬರುವ ಸಮುದ್ರದ ನೀರಿನ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ನೀರನ್ನು ಮೊದಲು ಚೆನ್ನಾಗಿ ಸೋಸಿರಬೇಕು, ಕದಡಿದ್ದರೆ ಬೆಳಕು ಒಳಗಿಳಿಯುವುದಿಲ್ಲ. ಆದರೆ ವಿಬ್ರಿಯೊ ನೀರಿನಿಂದ ಮಾತ್ರ ಬರುವುದಿಲ್ಲ. ತಾಯಿ ಸಿಂಪಿ, ಮೇವಿನ ಪಾಚಿ, ತೊಟ್ಟಿ ಗೋಡೆಯ ಲೋಳೆ, ಇವೂ ದಾರಿಗಳೇ ಅಲ್ವಾ? ದೀಪ ದಾಟಿದ ನೀರಿಗೆ ಆಮೇಲೆ ಯಾವ ಕಾವಲೂ ಇಲ್ಲ.

ಪ್ರೋಬಯಾಟಿಕ್, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ, ತೊಟ್ಟಿಯೊಳಗೇ ಕೆಲಸ ಮಾಡುತ್ತದೆ. ಅಮೆರಿಕದ ರೋಡ್ ಐಲೆಂಡ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದ ಬ್ಯಾಸಿಲಸ್ ಪುಮಿಲಸ್ ಆರ್‌ಐ06-95 ಎಂಬ ಇಂಥ ಬ್ಯಾಕ್ಟೀರಿಯಾ ತಳಿ, ವಿಬ್ರಿಯೊ ತಗುಲಿಸಿದ ಲಾರ್ವಾಗಳ ಸಾವನ್ನು ಕಡಿಮೆ ಮಾಡಿತು. ಸೋಂಕಿಗೆ ಮೊದಲೇ ಹಾಕಬೇಕು, ಮತ್ತೆ ಮತ್ತೆ ಹಾಕುತ್ತಿರಬೇಕು.

ಹೊಸಬರು ಸೋಸುವಿಕೆ, ಯುವಿಯಿಂದಲೇ ಶುರು ಮಾಡಿ. ತೊಟ್ಟಿ ತೊಳೆದರೂ ಸಾವು ನಿಲ್ಲದಿದ್ದರೆ ಪ್ರೋಬಯಾಟಿಕ್ ಸೇರಿಸಿ. ಆ್ಯಂಟಿಬಯಾಟಿಕ್ ಮಾತ್ರ ಸುಮ್ನೆ ಸುರಿಯಬೇಡಿ, ಅದಕ್ಕೆ ಬಗ್ಗದ ವಿಬ್ರಿಯೊ ಬೆಳೆಯುತ್ತದೆ.