ಕೆಂಗೇರಿ ಉಪನಗರದ ಬಾಡಿಗೆ ಎಂಟಿಬಿ: ಎರಡು ಭಾನುವಾರ, ಎರಡು ಹೊಳೆ

ಕೆಂಗೇರಿ ಹೊಳೆ ದಡದ ಊರು ಅಂದರೆ ಅಲ್ಲೇ ವಾಸ ಇರುವವರಿಗೂ ತಟ್ಟನೆ ಹೊಳೆಯುವುದಿಲ್ಲ. ವೃಷಭಾವತಿ ಪಕ್ಕದಲ್ಲೇ ಹರಿಯುತ್ತಾಳೆ, ಆದರೆ ಜನರ ಬಾಯಲ್ಲಿ ಅದು ಮೋರಿ. ನನಗೆ ಇದು ತುಂಬಾ ಬೇಜಾರಿನ ವಿಷಯ. ಈ ವಿಮರ್ಶೆ ಬರೆಯೋಕೆ ಅದೂ ಒಂದು ಕಾರಣ.

ಇನ್ನೊಂದು ಕಾರಣ ಸೈಕಲ್. ಒಳ್ಳೆಯ ಎಂಟಿಬಿ, ಅಂದರೆ ಕಲ್ಲುಮಣ್ಣಿನ ದಾರಿಗೆ ಅಂತಲೇ ಮಾಡಿದ ಮೌಂಟನ್ ಬೈಕ್ ಸೈಕಲ್ ತಗೊಳ್ಳಬೇಕು ಅಂತ ಒಂದು ವರ್ಷದಿಂದ ದುಡ್ಡು ಕೂಡಿಡುತ್ತಿದ್ದೇನೆ. ಸುಮ್ನೆ ಅಂಗಡಿ ಮುಂದೆ ಎರಡು ಸುತ್ತು ಹೊಡೆದು ಅಷ್ಟು ದುಡ್ಡು ಹಾಕುವುದಕ್ಕೆ ಮನಸ್ಸು ಬರಲಿಲ್ಲ. ಹಾಗಾಗಿ ಕೆಂಗೇರಿ ಉಪನಗರದ ಒಂದು ಸಣ್ಣ ಸೈಕಲ್ ಅಂಗಡಿಯಲ್ಲಿ ಎರಡು ಭಾನುವಾರ ಬಾಡಿಗೆಗೆ ತೆಗೆದುಕೊಂಡೆ. ದಿನಕ್ಕೆ 600 ರೂಪಾಯಿ, 2000 ಠೇವಣಿ. "ಅಂಗಡಿ ಹೆಸರು ಬರೀಬೇಡಿ, ಇರೋದೇ ನಾಲ್ಕು ಸೈಕಲ್, ಫೋನ್ ಎತ್ತೋಕೆ ನಾನೊಬ್ಬನೇ" ಅಂತ ಅಂಗಡಿಯ ಅಣ್ಣ ಹೇಳಿದ್ದರಿಂದ ಹೆಸರು ಹಾಕುತ್ತಿಲ್ಲ.

ಮೊದಲು ಸೇವೆಯ ಬಗ್ಗೆ ಹೇಳಿಬಿಡುತ್ತೇನೆ. ಹೋದ ವರ್ಷ ಬೇರೊಂದು ಕಡೆ ಬಾಡಿಗೆಗೆ ತೆಗೆದುಕೊಂಡಾಗ ಆಧಾರ್ ಕಾರ್ಡ್ ನೋಡಿ, ದುಡ್ಡು ಎಣಿಸಿ, ಕೈಗೆ ಸಿಕ್ಕಿದ ಸೈಕಲ್ ಕೊಟ್ಟು ಕಳಿಸಿದ್ದರು. ಅರ್ಧ ದಾರಿಯಲ್ಲಿ ಹಿಂದಿನ ಬ್ರೇಕ್ ಹಿಡಿಯಲೇ ಇಲ್ಲ. ಇಲ್ಲಿ ಹಾಗಲ್ಲ. ಅಣ್ಣ ಕೇಳಿದ ಮೊದಲ ಮಾತು, "ಯಾವ ಕಡೆ ಹೋಗ್ತೀರಾ ಮೇಡಂ?" ತುರಹಳ್ಳಿ ಕಾಡಿನ ಕಡೆ ಅಂದೆ. ತಕ್ಷಣ ಪಂಪ್ ತಂದು ಎರಡೂ ಚಕ್ರದ ಗಾಳಿ ಇಳಿಸೋಕೆ ಶುರು ಮಾಡಿದರು. ಡಾಂಬರು ರಸ್ತೆಗೆ ಅಂತ ಗಾಳಿಯ ಒತ್ತಡ 50 ಪಿಎಸ್‌ಐ ಇತ್ತು, 32ಕ್ಕೆ ತಂದರು. ಟೈರ್ ಗಟ್ಟಿ ಇದ್ದರೆ ಗರಸು ಮಣ್ಣಿನ ಮೇಲೆ ಪುಟಿಯುತ್ತದೆ, ಹಿಡಿತ ಸಿಗೋದಿಲ್ಲ. ತೀರಾ ಮೆತ್ತಗಿದ್ದರೆ ಬಂಡೆಯ ಅಂಚಿಗೆ ತಾಗಿದಾಗ ಟ್ಯೂಬ್ ಒಳಗೇ ಸಿಕ್ಕಿ ಹರಿಯುತ್ತದೆ. ಇದನ್ನೆಲ್ಲ ನನಗೆ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಸೀಟಿನ ಎತ್ತರ ನನ್ನ ಕಾಲಿಗೆ ಸರಿಯಾಗುವ ತನಕ ಮೂರು ಸಲ ಏರಿಸಿ ಇಳಿಸಿದರು. ಒಂದು ಟ್ಯೂಬ್, ಟೈರ್ ಬಿಚ್ಚೋಕೆ ಎರಡು ಲಿವರ್, ಒಂದು ಸಣ್ಣ ಪಂಪ್ ಚೀಲಕ್ಕೆ ಹಾಕಿ ಕೊಟ್ಟರು. ಅದಕ್ಕೆ ಬೇರೆ ದುಡ್ಡಿಲ್ಲ.

ಸೈಕಲ್ ಅಲ್ಯೂಮಿನಿಯಂ ಫ್ರೇಮಿನದು. ಮುಂದೆ ಮಾತ್ರ ಸಸ್ಪೆನ್ಷನ್ (ಕುಲುಕು ತಡೆಯುವ ವ್ಯವಸ್ಥೆ), ಅದು 100 ಮಿಲಿಮೀಟರ್ ತನಕ ತಗ್ಗುತ್ತದೆ. 27.5 ಇಂಚಿನ ಚಕ್ರ, 2.2 ಇಂಚಿನ ಟೈರ್, ಹೈಡ್ರಾಲಿಕ್ ಡಿಸ್ಕ್ ಬ್ರೇಕ್, ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಹತ್ತು. ನಾನು 5 ಅಡಿ 3 ಇಂಚು. ನನ್ನ ಅಳತೆಯ ಸಣ್ಣ ಫ್ರೇಮ್ ಅಂಗಡಿಯಲ್ಲಿ ಇದ್ದದ್ದೇ ಒಂದು. ಆದ್ದರಿಂದ ಹೆಣ್ಣುಮಕ್ಕಳು ಎರಡು ದಿನ ಮುಂಚೆ ಹೇಳಿಟ್ಟರೆ ಒಳ್ಳೆಯದು.

ಮೊದಲ ಭಾನುವಾರ ತುರಹಳ್ಳಿ. ಉಪನಗರದಿಂದ ಉತ್ತರಹಳ್ಳಿ ರಸ್ತೆ ಹಿಡಿದರೆ ಹೆಚ್ಚು ದೂರವಿಲ್ಲ. ಅದು ಅರಣ್ಯ ಇಲಾಖೆಯ ಜಾಗ, ಸೈಕಲನ್ನು ಎಲ್ಲಿಯವರೆಗೆ ಬಿಡುತ್ತಾರೆ ಅಂತ ಗೇಟಿನಲ್ಲಿ ಕೇಳಿಕೊಂಡೇ ಹೋಗಬೇಕು. ನಮಗೆ ಬೇಡ ಅಂದ ಕಡೆ ನಾವು ಹೋಗಲಿಲ್ಲ, ಹೊರ ಅಂಚಿನ ಮಣ್ಣು ದಾರಿಗಳಲ್ಲೇ ಸುತ್ತಿದೆವು. 2021ರಲ್ಲಿ ಇಲ್ಲಿ ವೃಕ್ಷೋದ್ಯಾನ ಮಾಡಲು ಹೊರಟಾಗ ಸುತ್ತಲಿನ ಜನ, ಸೈಕಲ್‌ನವರು, ಬಂಡೆ ಹತ್ತುವವರು ಎಲ್ಲ ಸೇರಿ ವಿರೋಧ ಮಾಡಿ ಈ ಕುರುಚಲು ಕಾಡನ್ನು ಇದ್ದ ಹಾಗೇ ಉಳಿಸಿಕೊಂಡರು. ಅಷ್ಟು ಕಷ್ಟಪಟ್ಟು ಉಳಿಸಿದ ಜಾಗದಲ್ಲಿ ಬ್ರೇಕ್ ಜಗ್ಗಿ ಹಿಂದಿನ ಚಕ್ರ ಜಾರಿಸಿ ನೆಲ ಗೀರುವ ಹುಡುಗರನ್ನು ನೋಡಿದರೆ ಸಿಟ್ಟು ಬರುತ್ತದೆ. ಆ ಗೀರೇ ಮುಂದಿನ ಮಳೆಗೆ ಕೊರಕಲು ಆಗುತ್ತದೆ, ಅಲ್ವಾ? ದಾರಿ ಹೇಗಿದೆ ಅಂದರೆ, ಹತ್ತುವಾಗ ಸಡಿಲ ಗರಸು, ನಡುನಡುವೆ ಹಾಸುಬಂಡೆ. ಬಂಡೆಯ ಮೇಲೆ ಟೈರ್ ಅಂಟಿದ ಹಾಗೆ ಹಿಡಿಯುತ್ತದೆ, ಗರಸು ಬಂದ ಕೂಡಲೇ ಮೈಭಾರವನ್ನು ಸ್ವಲ್ಪ ಹಿಂದಕ್ಕೆ ಹಾಕದಿದ್ದರೆ ಹಿಂದಿನ ಚಕ್ರ ಸುಮ್ನೆ ಸುತ್ತುತ್ತದೆ. ಹೊಸಬರು ಕಲಿಯೋಕೆ ಇದು ಸಾಕಷ್ಟು ದಾರಿ. ಬೆಳಗ್ಗೆ ನಡೆಯುವವರು ಜಾಸ್ತಿ, ದೂರದಿಂದಲೇ ಬೆಲ್ ಹೊಡೆಯಿರಿ.

ಆದರೆ ನಾನು ಮನಸ್ಸು ಕೊಟ್ಟಿದ್ದು ಎರಡನೇ ಭಾನುವಾರದ ದಾರಿಗೆ. ಕೆಂಗೇರಿಯಿಂದ ರಾಮೋಹಳ್ಳಿ, ಅಲ್ಲಿಂದ ದೊಡ್ಡ ಆಲದ ಮರ, ಮುಂದೆ ಮಂಚನಬೆಲೆ ಜಲಾಶಯ. ಹೋಗೋಕೆ ಸುಮಾರು 25 ಕಿಲೋಮೀಟರ್. ತಮ್ಮನೂ ಜೊತೆಗಿದ್ದ. ಆರು ಗಂಟೆಗೆ ಮೊದಲೇ ಹೊರಟೆವು, ಮೈಸೂರು ರಸ್ತೆಯ ಲಾರಿಗಳು ಏಳರ ಮೇಲೆ ಯಾರಿಗೂ ಜಾಗ ಕೊಡೋದಿಲ್ಲ. ರಾಮೋಹಳ್ಳಿ ಕಡೆ ತಿರುಗಿದ ಮೇಲೆ ಗಾಳಿಯೇ ಬೇರೆ. ರಾಗಿ ಹೊಲ, ನೀಲಗಿರಿ ತೋಪು, ಅಲ್ಲಲ್ಲಿ ಹೊಸ ಲೇಔಟಿನ ಕಲ್ಲುಗಳು. ಡಾಂಬರು ಬಿಟ್ಟು ಪಕ್ಕದ ಬಂಡಿ ಜಾಡಿಗೆ ಇಳಿದಾಗಲೇ ಈ ಸೈಕಲ್ ಎಷ್ಟು ಚೆನ್ನಾಗಿದೆ ಅಂತ ಗೊತ್ತಾಗಿದ್ದು. ಎರಡು ಗಾಲಿಯ ಗೆರೆಯ ನಡುವೆ ಹುಲ್ಲು, ಒಳಗೆ ಎಲ್ಲೋ ಅಡಗಿದ ಕಲ್ಲು. ಮುಂದಿನ ಸಸ್ಪೆನ್ಷನ್ ಆ ಕಲ್ಲುಗಳನ್ನು ನುಂಗಿಕೊಂಡು ಹೋಯಿತು, ಕೈ ನೋವು ಬರಲಿಲ್ಲ.

ಆಲದ ಮರಕ್ಕೆ ಸುಮಾರು 400 ವರ್ಷ ಅನ್ನುತ್ತಾರೆ, ಮೂರು ಎಕರೆಯಷ್ಟು ಹರಡಿದೆ. ಮೂಲ ಕಾಂಡ ರೋಗ ಬಂದು ಹೋಗಿದೆ, ಈಗ ನಿಂತಿರುವುದೆಲ್ಲ ಬಿಳಲುಗಳೇ. ಬೆಳಗಿನ ಹೊತ್ತು ಜನ ಬರುವ ಮುಂಚೆ ಅದರ ಕೆಳಗೆ ಕೂತು ನೀರು ಕುಡಿದರೆ ಸಾಕು, ಆ ದಿನದ ಬಾಡಿಗೆ ವಸೂಲು.

ಅಲ್ಲಿಂದ ಮುಂದೆ ಏರಿಳಿತ ಜಾಸ್ತಿ. ಒಂದು ಉದ್ದನೆಯ ಏರಿನಲ್ಲಿ ಗೇರ್ ಎರಡು ಸಲ ಜಾರಿತು. ಚೈನ್ ಹಿಂದಿನ ದೊಡ್ಡ ಹಲ್ಲುಚಕ್ರದ ಮೇಲೆ ನಿಲ್ಲಲೇ ಇಲ್ಲ, ಒಂದು ಫರ್ಲಾಂಗು ನೂಕಿಕೊಂಡು ಹೋದೆ. ಈ ಸೈಕಲಿನಲ್ಲಿ ನನಗೆ ಸಿಕ್ಕ ದೊಡ್ಡ ಕೊರತೆ ಇದು. ಹಳೇ ಕೇಬಲ್, ಸರಿಯಾಗಿ ಬಿಗಿ ಮಾಡಿರಲಿಲ್ಲ. ಸೀಟೂ ಗಟ್ಟಿ, ಮೂರು ಗಂಟೆ ಕೂತರೆ ಸಾಕಾಗುತ್ತದೆ, ಪ್ಯಾಡ್ ಇರುವ ಚಡ್ಡಿ ಹಾಕಿಕೊಳ್ಳಿ. ಹೆಲ್ಮೆಟ್ ಮಾತ್ರ ನಿಮ್ಮದೇ ತನ್ನಿ, ಅಲ್ಲಿಯವು ಹಳೆಯವು.

ಬೆಟ್ಟಗಳ ನಡುವೆ ಅರ್ಕಾವತಿಯ ನೀರು ಕಂಡಾಗ ಇಬ್ಬರೂ ಸೈಕಲ್ ನಿಲ್ಲಿಸಿದೆವು. ನಂದಿ ಬೆಟ್ಟದಲ್ಲಿ ಹುಟ್ಟಿದ ಹೊಳೆ ಇದು. ತಿಪ್ಪಗೊಂಡನಹಳ್ಳಿಯಲ್ಲಿ ಕುಮುದ್ವತಿಯನ್ನು ಕೂಡಿಕೊಂಡು ಇಲ್ಲಿಗೆ ಬರುತ್ತದೆ. ಆ ತಿಪ್ಪಗೊಂಡನಹಳ್ಳಿ ಜಲಾಶಯ 1933ರದು, ಎಷ್ಟೋ ದಶಕ ಬೆಂಗಳೂರಿಗೆ ನೀರು ಕುಡಿಸಿದ್ದು ಅದು. ಬಸವನಗುಡಿ ಕಡೆ ಹುಟ್ಟಿ ನಮ್ಮ ಕೆಂಗೇರಿ ದಾಟಿ ಹೋಗುವ ವೃಷಭಾವತಿ ಕೊನೆಗೆ ಕನಕಪುರದ ಕಡೆ ಸೇರುವುದೂ ಇದೇ ಅರ್ಕಾವತಿಯನ್ನು. ಬೆಳಗ್ಗೆ ಮೂಗು ಮುಚ್ಚಿಕೊಂಡು ದಾಟಿದ ನೀರು, ಈಗ ಕಣ್ಣು ತುಂಬ ನೋಡುತ್ತಿದ್ದ ನೀರು, ಮುಂದೆ ಎರಡೂ ಒಂದೇ ಹೊಳೆ. ತಮ್ಮ ತುಂಬಾ ಹೊತ್ತು ಮಾತಾಡಲಿಲ್ಲ.

ನೀರಿಗೆ ಮಾತ್ರ ಇಳಿಯಬೇಡಿ. ಈಜೋಕೆ ಹೋಗಿ ಮಂಚನಬೆಲೆಯಲ್ಲಿ ಪ್ರಾಣ ಕಳೆದುಕೊಂಡವರು ಒಬ್ಬಿಬ್ಬರಲ್ಲ. ಕಾಲು ತೊಳೆಯೋಕೆ ಅಂತಲೂ ಬೇಡ. ಹಾಗೆಯೇ ಕತ್ತಲಾಗುವ ಮುಂಚೆ ಈ ದಾರಿ ಬಿಟ್ಟುಬಿಡಿ, ಚಿರತೆ ಓಡಾಡುವ ಸೀಮೆ ಇದು, ಒಂಟಿಯಾಗಿ ಹೋಗುವುದಂತೂ ಬೇಡವೇ ಬೇಡ.

ವಾಪಸ್ ಬರುವಾಗ ಜಾಲಿ ಮುಳ್ಳು ಹಿಂದಿನ ಟೈರಿಗೆ ಚುಚ್ಚಿತು. ಟ್ಯೂಬ್ ಬದಲಿಸೋಕೆ ಇಪ್ಪತ್ತು ನಿಮಿಷ ಆಯಿತು. ಅಣ್ಣ ಕೊಟ್ಟ ಚೀಲ ಇಲ್ಲದಿದ್ದರೆ ಮಟಮಟ ಮಧ್ಯಾಹ್ನ ಆ ಬಿಸಿಲಲ್ಲಿ ಏನು ಮಾಡುತ್ತಿದ್ದೆವೋ. ಹಳೇ ಟ್ಯೂಬ್ ತೆಗೆದ ಮೇಲೆ ಟೈರ್ ಒಳಗೆ ಬೆರಳಾಡಿಸಿ ಮುಳ್ಳು ಹುಡುಕಿ ಕಿತ್ತು ಹಾಕಿ, ಇಲ್ಲದಿದ್ದರೆ ಹೊಸದೂ ಹೋಗುತ್ತದೆ. ಸುಗ್ಗಿ ಕಾಲದಲ್ಲಿ ಹೋಗುವವರಿಗೆ ಇನ್ನೊಂದು ಮಾತು: ಕೆಲವು ಕಡೆ ರೈತರು ರಾಗಿ ತೆನೆ, ಹುರುಳಿ ಗಿಡ ರಸ್ತೆ ಮೇಲೇ ಹಾಸಿರುತ್ತಾರೆ. ಅದರ ಮೇಲೆ ಸೈಕಲ್ ಜಾರುತ್ತದೆ, ಇಳಿದು ಪಕ್ಕದಲ್ಲಿ ನಡೆದುಕೊಂಡು ಹೋಗಿ.

ವೃಷಭಾವತಿ ದಡದಲ್ಲೇ ಸೈಕಲ್ ಓಡಿಸಬಹುದಾ ಅಂತ ಅಣ್ಣನನ್ನು ಕೇಳಿದ್ದೆ. "ಅಲ್ಲಿ ಬೇಡ ಮೇಡಂ, ಆ ನೀರು ಮೈಗೆ ಸಿಡಿಯುತ್ತೆ" ಅಂದರು. ನೊರೆ, ವಾಸನೆ, ಕಸದ ರಾಶಿ. ಮಣ್ಣಿನ ದಾರಿ ಕೆಲವು ಕಡೆ ನಿಜಕ್ಕೂ ಇದೆ, ಸಮತಟ್ಟಾಗಿ, ಮಕ್ಕಳೂ ಓಡಿಸಬಹುದಾದ ಹಾಗೆ. ಮನೆ ಬಾಗಿಲಿನಿಂದಲೇ ಹೊರಡಬಹುದಾದ ದಾರಿ ಅದು. ಅದಕ್ಕೆ ನಾನು ಒಂದು ಅಂಕವನ್ನೂ ಕೊಡಲಾರೆ, ಅದು ದಾರಿಯ ತಪ್ಪಲ್ಲ.

ಸೈಕಲ್ ವಾಪಸ್ ಕೊಟ್ಟಾಗ ಗೇರ್ ಜಾರಿದ ವಿಷಯ ಹೇಳಿದೆ. ಅಣ್ಣ ವಾದ ಮಾಡಲಿಲ್ಲ. ನನ್ನ ಮುಂದೆಯೇ ಸ್ಟ್ಯಾಂಡಿಗೆ ಹಾಕಿ ಪೆಡಲ್ ತಿರುಗಿಸಿ ನೋಡಿ, ಕೇಬಲ್ ಬಿಚ್ಚಿ ಹೊಸದು ಹಾಕಿದರು. ಟ್ಯೂಬಿನ ದುಡ್ಡು ಹಿಡಿದುಕೊಳ್ಳದೆ ಠೇವಣಿ ಪೂರ್ತಿ ಕೊಟ್ಟರು. ಐದಕ್ಕೆ ನಾಲ್ಕು ಅಂಕ. ಕಡಿಮೆಯಾದ ಒಂದು ಅಂಕ ಸೀಟಿಗೆ ಮತ್ತು ಹೆಲ್ಮೆಟ್‌ಗೆ. ನಾನು ಕೊಳ್ಳುವ ಸೈಕಲ್ ಇದೇ ತರಹದ್ದು, 27.5 ಚಕ್ರದ್ದೇ ಅಂತ ಈಗ ತೀರ್ಮಾನ ಆಗಿದೆ. ಮುಂದಿನ ತಿಂಗಳು ಸಾವನದುರ್ಗದ ಬುಡಕ್ಕೆ ಹೋಗೋಣ ಅಂತ ತಮ್ಮ ಈಗಲೇ ಆ ಸಣ್ಣ ಫ್ರೇಮನ್ನು ನನ್ನ ಹೆಸರಿಗೆ ಬರೆಸಿಟ್ಟು ಬಂದಿದ್ದಾನೆ.