ಟಂಚ್ ಎಷ್ಟು ಅಂತ ಬಿಲ್ಲಿನಲ್ಲೇ ಬರೆದುಕೊಡುವ ಬೆಳ್ಳಿ ಅಂಗಡಿ

ಹುಬ್ಬಳ್ಳಿಯ ಕಂಚಗಾರ ಗಲ್ಲಿಯಲ್ಲಿ ಬೆಳ್ಳಿ ಅಂಗಡಿಗೇನೂ ಬರ ಇಲ್ಲ. ಅದರಲ್ಲಿ ಒಂದು ಸಣ್ಣ ಅಂಗಡಿ ಬಗ್ಗೆ ಬರೆಯುತ್ತಿದ್ದೇನೆ. ಬೋರ್ಡಿನ ಅಕ್ಷರ ಬಿಸಿಲಿಗೆ ಮಾಸಿವೆ, ಸುತ್ತಲಿನವರು 'ಮೂಲಿ ಅಂಗಡಿ' ಅಂತಲೇ ಕರೆಯುತ್ತಾರೆ. ಒಳಗೆ ನಾಲ್ಕು ಜನ ಕೂತರೆ ಐದನೆಯವರು ಮೆಟ್ಟಿಲ ಮೇಲೆ ನಿಲ್ಲಬೇಕು. ಎಸಿ ಇಲ್ಲ. ಚಹಾ ಮಾತ್ರ ಕೇಳದೇ ಬರುತ್ತದೆ.

ಈ ಅಂಗಡಿ ನನಗೆ ಹಿಡಿಸಿದ್ದಕ್ಕೆ ಕಾರಣ ಅದರ ಬಿಲ್ಲು. ತೂಕ, ದರ, ಮಜೂರಿ ಎಲ್ಲರೂ ಬರೆಯುತ್ತಾರೆ. ಇಲ್ಲಿ 'ಟಂಚ್' ಅಂತ ಇನ್ನೊಂದು ಕಾಲಂ ಇದೆ. ಟಂಚ್ ಅಂದರೆ ನೂರು ಪಾಲಿನಲ್ಲಿ ಎಷ್ಟು ಪಾಲು ನಿಜವಾದ ಬೆಳ್ಳಿ ಅನ್ನೋ ಲೆಕ್ಕ. ಬಿಲ್ಲಿನಲ್ಲಿ ಬೆಳ್ಳಿಯ ದುಡ್ಡು ಹಿಡಿಯುವುದು ಆ ಪಾಲಿಗೆ ಮಾತ್ರ. ಇದರಲ್ಲಿ ಏನು ದೊಡ್ಡಸ್ತಿಕೆ ಅಂತ ಅನ್ನಿಸಬಹುದು. ಹಳೇ ಗೆಜ್ಜೆ ಮಾರಲು ಹೋದವರಿಗೆ ಮಾತ್ರ ಅದರ ಬೆಲೆ ಗೊತ್ತು.

ನಮ್ಮ ಮನೆಯವರ ಗೆಜ್ಜೆಯ ಕಥೆಯನ್ನೇ ತಗೊಳ್ಳಿ. ಕೆಲವು ವರ್ಷಗಳ ಹಿಂದೆ ಬೇರೆ ಕಡೆ ತಂದದ್ದು. ಯಾವ ಅಂಗಡಿ ಅನ್ನೋದು ಬೇಡ ಬಿಡಿ. 'ಚೊಕ್ಕ ಬೆಳ್ಳಿರಿ' ಅಂತ ಹೇಳಿ, ಇಡೀ ತೂಕಕ್ಕೆ ಅವತ್ತಿನ ಬೆಳ್ಳಿ ದರ ಹಚ್ಚಿ, ಮೇಲೆ ಮಜೂರಿ ಹಿಡಿದಿದ್ದರು. ಅದೇ ಗೆಜ್ಜೆಯನ್ನು ಈ ಮೂಲಿ ಅಂಗಡಿಯಲ್ಲಿ ಮಷಿನ್ ಒಳಗೆ ಇಟ್ಟರೆ ಪರದೆ ಮೇಲೆ ಬಂದದ್ದು ಬೆಳ್ಳಿ 64, ತಾಮ್ರ 30ರ ಆಸುಪಾಸು, ಉಳಿದದ್ದು ಸತು. ಅಂದರೆ ನೂರು ಗ್ರಾಂ ಗೆಜ್ಜೆಯಲ್ಲಿ 36 ಗ್ರಾಂ ತಾಮ್ರ-ಸತುವನ್ನು ನಾವು ಬೆಳ್ಳಿ ದರದಲ್ಲಿ ಕೊಂಡಿದ್ದೆವು. ಮನೆಯವರು ಅಂಗಡಿಯಲ್ಲಿ ಏನೂ ಮಾತಾಡಲಿಲ್ಲ. ಹೊರಗೆ ಬಂದ ಮೇಲೆ ಆ ಹಳೇ ಅಂಗಡಿಯವನ ಏಳು ತಲೆಮಾರನ್ನು ನೆನೆದರು.

ಆದರೆ 64 ಟಂಚ್ ಇರುವುದೇ ಮೋಸ ಅಂತ ನಾನು ಹೇಳುವುದಿಲ್ಲ. 64ಕ್ಕೆ ನೂರರ ದರ ಹಿಡಿದದ್ದು ಮೋಸ. ಇವೆರಡೂ ಬೇರೆ ಬೇರೆ. ಬೆಳ್ಳಿಗೆ ತಾಮ್ರ ಬೆರೆಸುವುದು ಹಳೇ ಪದ್ಧತಿ, ಅದಕ್ಕೆ ಕಾರಣವೂ ಇದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು, ಸ್ವಲ್ಪ ಪಾಠ ಬಂದರೆ ಸಹಿಸಿಕೊಳ್ಳಿ. 999 ಅಂತ ಬರೆದಿರುವ ಬೆಳ್ಳಿಯಲ್ಲಿ ಸಾವಿರ ಪಾಲಿಗೆ 999 ಪಾಲು ಬೆಳ್ಳಿ. ನಾಣ್ಯಕ್ಕೆ, ಗಟ್ಟಿಗೆ ಅದು ಸರಿ. ಒಡವೆಗೆ ತೀರಾ ಮೆತ್ತಗೆ. ತೆಳು ಬಳೆ ಮಾಡಿಸಿದರೆ ಕೈಯಲ್ಲೇ ಸೊಟ್ಟಾಗುತ್ತದೆ, ಹರಳು ಹಿಡಿಯುವ ಕೊಂಡಿ ಸಡಿಲಾಗಿ ಹರಳು ಎಲ್ಲೋ ಬಿದ್ದು ಹೋಗುತ್ತದೆ. ನೂರಕ್ಕೆ ಏಳೂವರೆ ಪಾಲು ತಾಮ್ರ ಸೇರಿಸಿದರೆ ಅದೇ ಬೆಳ್ಳಿ ಗಡುಸಾಗುತ್ತದೆ. ಅದೇ 925, ಸ್ಟರ್ಲಿಂಗ್ ಅನ್ನುತ್ತಾರಲ್ಲ, ಅದು. ಉಂಗುರ, ಓಲೆ, ಸಣ್ಣ ಸರ, ಹರಳಿನ ಕೆಲಸ ಎಲ್ಲಕ್ಕೂ ಇದು ಒಳ್ಳೆಯದು.

ಮೂಲಿ ಅಂಗಡಿಯವರು ಇದನ್ನೆಲ್ಲ ತಾವಾಗಿಯೇ ಹೇಳಿದರು. 'ಶುದ್ಧ ಬೆಳ್ಳೀದs ಗೆಜ್ಜಿ ಬೇಕು' ಅಂತ ಹಟ ಹಿಡಿದ ಹೆಣ್ಣುಮಗಳೊಬ್ಬಳಿಗೆ ಅವರು ಕೊಟ್ಟ ಉತ್ತರ ಕೇಳಿ: 'ಅಕ್ಕಾರ, ಕೊಡ್ತೀನ್ರಿ, ನನಗೇನು. ಆದ್ರ ನೀವು ಹೊಲಕ್ಕ ಹೋಗಾವ್ರು. ಆರು ತಿಂಗಳಿಗೆ ಕೊಂಡಿ ಬಿಚ್ಚಿ ಕಳದೋತು ಅಂತ ಬಂದ್ರ ನಾ ಏನ್ ಮಾಡ್ಲಿ?' ಆಕೆ 80 ಟಂಚ್‌ನದನ್ನೇ ತಗೊಂಡಳು. ದರವೂ 80ರದ್ದೇ ಹಿಡಿದರು. ಜಾಸ್ತಿ ಬೆಲೆಯ ಮಾಲು ಮಾರುವ ಅವಕಾಶ ಬಿಟ್ಟ ಅಂಗಡಿಯವರು ಈ ಕಾಲದಲ್ಲಿ ಎಷ್ಟು ಜನ ಸಿಗುತ್ತಾರೆ ಹೇಳಿ.

ಗೆಜ್ಜೆ ಹೆಚ್ಚಾಗಿ ಕೊಲ್ಹಾಪುರ ಜಿಲ್ಲೆಯ ಹುಪರಿಯಿಂದ ಬರುತ್ತದಂತೆ. ಹುಪರಿ ಅಂದರೆ ಬೆಳ್ಳಿ ಕೆಲಸಕ್ಕೇ ಹೆಸರಾದ ಊರು, ನಮ್ಮ ಗಡಿಯಿಂದ ದೂರವೇನಲ್ಲ. ಡಿಸೈನು ಬೇಕಾದಷ್ಟಿವೆ.

ಮಷಿನ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ಬಹಳ ಜನ ಅದರ ಮುಂದೆ ಸುಮ್ನೆ ತಲೆ ಆಡಿಸುತ್ತಾರೆ. ಎಕ್ಸ್‌ರೇ ಬಿಟ್ಟು ಲೋಹ ಯಾವುದು, ಎಷ್ಟು ಅಂತ ಓದುವ ಮಷಿನ್ ಅದು. ಒಂದು ಅರ್ಧ ನಿಮಿಷದಲ್ಲಿ ಅಂಕಿ ಬರುತ್ತದೆ. ಆದರೆ ಅದು ನೋಡುವುದು ಮೇಲಿನ ತೆಳು ಪದರವನ್ನು ಮಾತ್ರ. ಹಿತ್ತಾಳೆಗೆ ದಪ್ಪಗೆ ಬೆಳ್ಳಿ ನೀರು ಕೊಡಿಸಿದ್ದರೆ ಮಷಿನ್‌ಗೂ ಟೋಪಿ ಬೀಳಬಹುದು. ಇವರು ಏನು ಮಾಡುತ್ತಾರೆ ಅಂದರೆ, ಮೊದಲು ಗೆಜ್ಜೆಯ ಕೊಂಡಿಯ ಒಳಮೈಯಲ್ಲಿ, ಯಾರಿಗೂ ಕಾಣದ ಕಡೆ, ಸಣ್ಣ ಅರದಿಂದ ಎರಡು ಸಲ ಎಳೆಯುತ್ತಾರೆ. ಆಮೇಲೆ ಅದೇ ಜಾಗ ಮಷಿನ್‌ನ ಕಿಂಡಿಗೆ ಬರುವ ಹಾಗೆ ಇಡುತ್ತಾರೆ. ನಂತರ ಸರಪಳಿಯಲ್ಲಿ ಒಂದು ಕಡೆ, ಗುಂಡಿನಲ್ಲಿ ಒಂದು ಕಡೆ. ನಮ್ಮ ಗೆಜ್ಜೆಯಲ್ಲಿ ಮೂರೂ ಕಡೆ ಬೇರೆ ಬೇರೆ ಅಂಕಿ ಬಂತು. ಬೆಸುಗೆ ಜಾಸ್ತಿ ಇರುವ ಗುಂಡಿನಲ್ಲಿ ಎಲ್ಲಕ್ಕಿಂತ ಕಡಿಮೆ. ಬೆಸುಗೆ ಬೇಗ ಕರಗಲಿ ಅಂತ ಅದರಲ್ಲಿ ಬೇರೆ ಲೋಹ ಹೆಚ್ಚು ಹಾಕಿರುತ್ತಾರೆ. ಸಣ್ಣ ಸಣ್ಣ ಗುಂಡು, ಕೊಂಡಿ ಇರುವ ಒಡವೆಯಲ್ಲಿ ಅದೇ ಸೇರಿ ಸೇರಿ ಟಂಚ್ ಇಳಿಯುತ್ತದೆ. 64 ಅಂದದ್ದು ಸರಪಳಿಯದು, ಅದೇ ಜಾಸ್ತಿ ತೂಕದ್ದು. ಹಳೇದನ್ನು ಕೊಂಡುಕೊಳ್ಳುವಾಗ ಮಾತ್ರ ಇವರು ಮಷಿನ್ ನಂಬಿ ಕೂರುವುದಿಲ್ಲ, ಕರಗಿಸಿಯೇ ಲೆಕ್ಕ ಮಾಡುತ್ತಾರೆ. ಅದು ಎರಡೂ ಕಡೆಯವರಿಗೆ ನ್ಯಾಯ.

ಆಯಸ್ಕಾಂತ ಹಿಡಿದು ನೋಡುವವರೂ ಇದ್ದಾರೆ. ಆಯಸ್ಕಾಂತಕ್ಕೆ ಅಂಟಿದರೆ ಒಳಗೆ ಕಬ್ಬಿಣ ಇದೆ ಅಂತ ಗೊತ್ತಾಗುತ್ತದೆ, ಅಷ್ಟೇ. ತಾಮ್ರ, ಹಿತ್ತಾಳೆ, ಸತು ಯಾವುದೂ ಅಂಟುವುದಿಲ್ಲ. ಅಂಟಲಿಲ್ಲ, ಹಾಗಾಗಿ ಬೆಳ್ಳಿ ಅಂದರೆ ಹೇಗೆ? ಮನೆಯಲ್ಲೇ ನೋಡಬೇಕು ಅಂದರೆ ತೂಕದ ಉಪಾಯ ಒಳ್ಳೆಯದು. ಬೆಳ್ಳಿಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 10.5 ಗ್ರಾಂ. ಒಂದು ಗಟ್ಟಿ ಕಡಗವನ್ನು ದಾರದಲ್ಲಿ ಕಟ್ಟಿ, ತಕ್ಕಡಿ ಮೇಲೆ ಇಟ್ಟ ನೀರಿನ ಲೋಟದಲ್ಲಿ ತಳ ಮುಟ್ಟದ ಹಾಗೆ ಮುಳುಗಿಸಿ. 50 ಗ್ರಾಂ ಕಡಗಕ್ಕೆ ತಕ್ಕಡಿಯ ಅಂಕಿ ಸುಮಾರು 4.8 ಗ್ರಾಂ (50 ಭಾಗಿಸು 10.5) ಏರಬೇಕು. 5.8 ಏರಿದರೆ ಅದು ಬೆಳ್ಳಿ ಅಲ್ಲ, ಜರ್ಮನ್ ಸಿಲ್ವರ್ ಇರಬಹುದು. ಟೊಳ್ಳು ಒಡವೆಗೆ, ಹರಳು ಕೂಡಿಸಿದ್ದಕ್ಕೆ ಈ ಲೆಕ್ಕ ಹೊಂದುವುದಿಲ್ಲ.

ಜರ್ಮನ್ ಸಿಲ್ವರ್ ಅಂದೆ. ನಮ್ಮ ಕಡೆ ಗೃಹಪ್ರವೇಶ, ಮದುವೆಗಳಲ್ಲಿ ಉಡುಗೊರೆಗೆ ಕೊಡುವ ಕುಂಕುಮದ ಬಟ್ಟಲು, ಹೂವಿನ ಬುಟ್ಟಿ ಬಹುತೇಕ ಅದೇ. ತಾಮ್ರ, ನಿಕ್ಕಲ್, ಸತು ಸೇರಿದ ಲೋಹ. ಬೆಳ್ಳಿ ಇಲ್ಲವೇ ಇಲ್ಲ. ನೋಡಲು ಚೆಂದ, ಕೊಡಲು ಅಗ್ಗ, ತಪ್ಪೇನಿಲ್ಲ. ಮೂಲಿ ಅಂಗಡಿಯಲ್ಲೂ ಮಾರುತ್ತಾರೆ. ಆದರೆ ಬೇರೆ ಕಪಾಟಿನಲ್ಲಿ ಇಟ್ಟು, ಮೇಲೆ ಕನ್ನಡದಲ್ಲಿ 'ಇದು ಬೆಳ್ಳಿ ಅಲ್ಲ' ಅಂತ ಚೀಟಿ ಅಂಟಿಸಿದ್ದಾರೆ. ಆ ಚೀಟಿಗೆ ನನ್ನ ಕಡೆಯಿಂದ ಪೂರ್ತಿ ಮಾರ್ಕ್ಸ್.

ಮಗಳಿಗೆ ಬೇಕಾಗಿದ್ದು ಆಕ್ಸಿಡೈಸ್ಡ್ ಝುಮಕಿ. ಧಾರವಾಡದಲ್ಲಿ ಕಾಲೇಜಿಗೆ ಹೋಗುತ್ತಾಳೆ, ಸುಭಾಸ್ ರೋಡಿನಲ್ಲಿ ನೂರು-ನೂರೈವತ್ತಕ್ಕೆ ಸಿಗುವ ಕಪ್ಪು ಓಲೆಗಳೆಲ್ಲ ಅವಳ ಹತ್ತಿರ ಇವೆ. ಅಷ್ಟು ದುಡ್ಡಿಗೆ ಬೆಳ್ಳಿ ಯಾರು ಕೊಡುತ್ತಾರೆ? ಅವೆಲ್ಲ ಅಗ್ಗದ ಮಿಶ್ರಲೋಹ. ಅವಳ ಕಿವಿ ಊದಿಕೊಂಡಾಗ ಚರ್ಮದ ಡಾಕ್ಟರು ನಿಕ್ಕಲ್ ಆಗಿಬರುವುದಿಲ್ಲ, ಬಿಡು ಅಂದರು. ಇಲ್ಲಿ ಸಿಕ್ಕಿದ್ದು ನಿಜವಾದ 925, ಗಂಧಕದ ದ್ರಾವಣದಲ್ಲಿ ಅದ್ದಿ ಬೇಕಂತಲೇ ಕಪ್ಪು ಮಾಡಿದ್ದು. ಉಬ್ಬಿದ ಕಡೆ ಉಜ್ಜಿ ಹೊಳಪು ತಂದು, ಕೊರೆದ ಗೆರೆಗಳಲ್ಲಿ ಮಾತ್ರ ಕಪ್ಪು ಬಿಟ್ಟಿದ್ದಾರೆ. ನವಿಲಿನ ಗರಿ ಒಂದೊಂದೂ ಎದ್ದು ಕಾಣುತ್ತದೆ. ಕಿವಿ ಈಗ ಸುಮ್ಮನಿದೆ.

ಅದರ ಹಿಂದೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 925 ಅಂಕಿ, ಆ ಒಡವೆಗೇ ಅಂತ ಕೊಟ್ಟ ಆರು ಅಕ್ಷರ-ಅಂಕಿಯ ಗುರುತಿನ ಸಂಖ್ಯೆ, ಅಂದರೆ ಎಚ್‌ಯುಐಡಿ ಇದೆ. ಅವರೇ ಭೂತಗನ್ನಡಿ ಕೊಟ್ಟರು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಆರು ಅಕ್ಷರ ಹಾಕಿದರೆ ಯಾವ ಒಡವೆ, ಎಷ್ಟು ಶುದ್ಧ, ಎಲ್ಲಿ ಪರೀಕ್ಷೆ ಆಗಿದೆ ಎಲ್ಲ ಬರುತ್ತದೆ. ಬೆಳ್ಳಿಗೆ ಈ ಎಚ್‌ಯುಐಡಿ ಶುರುವಾದದ್ದು 2025ರ ಸೆಪ್ಟೆಂಬರ್ 1ರಿಂದ. ಚಿನ್ನದ ಹಾಗೆ ಕಡ್ಡಾಯ ಮಾಡದೆ, ಬೇಕಾದವರು ಮಾಡಿಸಲಿ ಅಂತ ತಂದದ್ದು. ಹಾಗಾಗಿ ಇವರಲ್ಲೂ 925ರ ಮಾಲಿಗೆ ಹಾಲ್‌ಮಾರ್ಕ್ ಇದೆ, ಗೆಜ್ಜೆಗೆ ಇಲ್ಲ. ಗೆಜ್ಜೆಗೂ ಮಾಡಿಸಿ ಅಂತ ಕೇಳಿದೆ. 'ಮಂದಿ ಕೇಳಂಗಿಲ್ರಿ ಸರ್ರ' ಅಂದರು. ಕೇಳದಿದ್ದರೂ ಮಾಡಿಸಬೇಕು ಅನ್ನೋದು ನನ್ನ ಅಭಿಪ್ರಾಯ. ಬಿಲ್ಲಿನಲ್ಲಿ ಟಂಚ್ ಬರೆದರೂ ಅದು ಅವರ ಮಾತೇ ಅಲ್ವಾ.

ಈಗ ಕರಡಗಿ. ತಂಗಿಯ ಮಗನ ಅಯ್ಯಾಚಾರ (ಲಿಂಗದೀಕ್ಷೆ) ಇತ್ತು, ಸೋದರಮಾವನಾಗಿ ನನ್ನ ಪಾಲಿಗೆ ಬಂದದ್ದು ಲಿಂಗ ಇಡುವ ಬೆಳ್ಳಿ ಕರಡಗಿ. ರೆಡಿ ಮಾಲು ತೋರಿಸಿದರು, ಅಚ್ಚಿನಲ್ಲಿ ಒತ್ತಿದ ತೆಳು ತಗಡು, ಹೆಬ್ಬೆರಳಿನಿಂದ ಒತ್ತಿದರೆ ತಗ್ಗು ಬೀಳುತ್ತಿತ್ತು. ಬೇಡ ಅಂದೆ. ಅವರೂ ಒತ್ತಾಯ ಮಾಡಲಿಲ್ಲ. ಪತ್ತಾರರ ಕೈಯಲ್ಲಿ ಮಾಡಿಸಿಕೊಡುತ್ತೇನೆ ಅಂದರು.

ಇಲ್ಲಿ ಬೆಳ್ಳಿಯ ಬಗೆ ಮತ್ತೆ ಬದಲಾಯಿತು. ಕರಡಗಿಯ ಮೈಗೆ 97 ಟಂಚ್ ತಗಡು. ಬಡಿದು ಬಡಿದು ಗುಂಡಗೆ ತರಬೇಕಲ್ಲ, ತಾಮ್ರ ಜಾಸ್ತಿಯಾದರೆ ತಗಡು ಬೇಗ ಬಿರುಸಾಗಿ ಸೀಳುತ್ತದೆ. ಬಡಿಯುವುದು, ಗಡುಸಾದ ಕೂಡಲೇ ಕಾಸಿ ಮೆತ್ತಗೆ ಮಾಡುವುದು, ಮತ್ತೆ ಬಡಿಯುವುದು. ಆದರೆ ದಿನಾ ಪೂಜೆಗೆ ತೆಗೆದು ಹಾಕುವ ತಿರುಪು ಮೆತ್ತಗಿದ್ದರೆ ಸವೆದು ಮುಚ್ಚಳ ಜಾರುತ್ತದೆ. ಅದಕ್ಕೆ ತಿರುಪಿನ ಬಳೆ ಮಾತ್ರ 925ರದ್ದು ಹಾಕಿದರು. ಒಂದೇ ವಸ್ತುವಿನಲ್ಲಿ ಎರಡು ಬಗೆ ಬೆಳ್ಳಿ, ಬಿಲ್ಲಿನಲ್ಲೂ ಎರಡು ಸಾಲು. ಶಿವದಾರ ಹಾಯಿಸುವ ಕೊಕ್ಕೆಗಳ ಒಳಅಂಚನ್ನೂ ನುಣ್ಣಗೆ ಉಜ್ಜಿದ್ದಾರೆ, ದಾರ ಕತ್ತರಿಸಬಾರದು ಅಂತ. ನಾನು ಅದನ್ನು ಹೇಳಿಯೂ ಇರಲಿಲ್ಲ.

ತೊಂದರೆಗಳೂ ಇವೆ. ಹೇಳಿದ ದಿನಕ್ಕೆ ಕರಡಗಿ ಬರಲಿಲ್ಲ. 'ನಾಳೆ ಬರ್ರಿ ಸರ್ರ' ಅನ್ನೋದು ಇವರ ಜಪ. ಕಾರ್ಯಕ್ರಮದ ಹಿಂದಿನ ಸಂಜೆ ಕೈಗೆ ಬಂತು, ಅಷ್ಟೊತ್ತಿಗೆ ತಂಗಿ ಫೋನಿನಲ್ಲಿ ಅಳುವುದೊಂದು ಬಾಕಿ. ಮುಚ್ಚಳವೂ ಬಿಗಿ ಇತ್ತು, ಹುಡುಗನ ಕೈಗೆ ತಿರುಗುತ್ತಿರಲಿಲ್ಲ. ಆಮೇಲೆ ಒಯ್ದುಕೊಟ್ಟಾಗ ದುಡ್ಡು ತಗೊಳ್ಳದೇ ಸಡಿಲ ಮಾಡಿಕೊಟ್ಟರು, ನಿಜ. ಇನ್ನು 925ರ ಮಾಲಿಗೆ ಮಜೂರಿ ಜಾಸ್ತಿಯೇ. ಝುಮಕಿಯಲ್ಲಿ ಬೆಳ್ಳಿಯ ದುಡ್ಡಿಗಿಂತ ಕೆಲಸದ ದುಡ್ಡು ಹೆಚ್ಚು ಬಿತ್ತು. ಚೌಕಾಸಿಗೆ ಬಗ್ಗುವುದಿಲ್ಲ. ಜಿಎಸ್‌ಟಿ 3 ಪರ್ಸೆಂಟ್ ಬೇರೆ. ಬಿಲ್ ಇಲ್ಲದೇ ಕೊಡಿ ಅಂದವರೊಬ್ಬರನ್ನು ನನ್ನ ಎದುರಿಗೇ ವಾಪಸ್ ಕಳಿಸಿದರು.

ಬೆಳ್ಳಿ ಕಪ್ಪಾದರೆ 'ಮೈಯಾಗ ಉಷ್ಣ ಆಗೇತಿ' ಅನ್ನುವುದು ನಮ್ಮ ಕಡೆ ಮಾತು. ಕೆಲವರು ಬೆಳ್ಳಿಯೇ ಖೋಟಾ ಅನ್ನುತ್ತಾರೆ. ಎರಡೂ ಅಲ್ಲ. ಗಾಳಿಯಲ್ಲಿ, ಬೆವರಿನಲ್ಲಿ ಇರುವ ಗಂಧಕ ಬೆಳ್ಳಿಗೆ ಹತ್ತಿ ಕಪ್ಪು ಪದರ ಕಟ್ಟುತ್ತದೆ. ಚೊಕ್ಕ ಬೆಳ್ಳಿಯೂ ಕಪ್ಪಾಗುತ್ತದೆ. ಕಪ್ಪೇ ಆಗದೆ ಕನ್ನಡಿಯ ಹಾಗೆ ಇದ್ದರೆ ಮೇಲೆ ರೋಡಿಯಂ ಅನ್ನೋ ಲೋಹದ ಲೇಪ ಇರಬಹುದು. ರಬ್ಬರ್ ಬ್ಯಾಂಡ್ ಸುತ್ತಿ ಮಾತ್ರ ಇಡಬೇಡಿ, ಅದರಲ್ಲೂ ಗಂಧಕ ಇರುತ್ತದೆ. ಅಂಗಡಿಯವರು ವಿಭೂತಿ ಹಚ್ಚಿ ಮೆತ್ತನೆ ಬಟ್ಟೆಯಿಂದ ಉಜ್ಜಿ ಅಂದರು, ಅದು ಸರಿಯಾದ ಸಲಹೆ. ಟೂತ್‌ಪೇಸ್ಟ್ ಬೇಡ, ಗೀರು ಬೀಳುತ್ತದೆ. ನಾನು ಶಾಲೆಯಲ್ಲಿ ಮಾಡಿ ತೋರಿಸುವುದು ಬೇರೆ: ಪಾತ್ರೆಯಲ್ಲಿ ಅಲ್ಯುಮಿನಿಯಂ ಹಾಳೆ ಹಾಸಿ, ಅದಕ್ಕೆ ತಾಗುವ ಹಾಗೆ ಬೆಳ್ಳಿ ಇಟ್ಟು, ಅಡುಗೆ ಸೋಡಾ ಹಾಕಿ ಬಿಸಿನೀರು ಹೊಯ್ದರೆ ಗಂಧಕ ಬೆಳ್ಳಿ ಬಿಟ್ಟು ಅಲ್ಯುಮಿನಿಯಂಗೆ ಹೋಗುತ್ತದೆ. ಸ್ವಲ್ಪ ಕೊಳೆತ ಮೊಟ್ಟೆ ವಾಸನೆ ಬರುತ್ತದೆ, ಹುಡುಗರು ಹೋ ಅಂತ ಕೂಗುತ್ತಾರೆ. ಆಕ್ಸಿಡೈಸ್ಡ್ ಒಡವೆಗೆ ಇದನ್ನು ಮಾಡಲೇಬೇಡಿ, ಬೇಕಂತ ಮಾಡಿದ ಕಪ್ಪೂ ಹೋಗಿಬಿಡುತ್ತದೆ. ಹರಳು, ಮುತ್ತು ಇದ್ದದ್ದಕ್ಕೂ ಬೇಡ.

ಹೋಗುವವರಿಗೆ ಒಂದೆರಡು ಮಾತು. ಗಲ್ಲಿಯೊಳಗೆ ಕಾರು ಒಯ್ಯಬೇಡಿ, ಬೈಕಿಗೇ ಜಾಗ ಸಿಗುವುದು ಕಷ್ಟ. ಹಬ್ಬದ ಹಿಂದಿನ ವಾರ ಹೋದರೆ ಮಷಿನ್ ಹತ್ತಿರ ನಿಂತು ಅಂಕಿ ನೋಡಲು ಪುರುಸೊತ್ತು ಇರುವುದಿಲ್ಲ, ಮಾಮೂಲಿ ದಿನ ಹೋಗಿ. ಹಳೇ ಬೆಳ್ಳಿ ಕೊಡುವುದಿದ್ದರೆ ಮಧ್ಯಾಹ್ನದೊಳಗೆ ಒಯ್ಯಿರಿ. ಕರಗಿಸುವವರು ಊಟಕ್ಕೆ ಹೋದರೆ ಮತ್ತೆ ಬರುವುದು ಯಾವಾಗ ಅಂತ ಅಂಗಡಿಯವರಿಗೂ ಗೊತ್ತಿರುವುದಿಲ್ಲ.